ಅಕ್ಕನ ಒಲೆಯ ಹದಿನೈದು ಆಂಪಿಯರ್

ಬಾಶಿಕಟೇಬೆಯ ಕಿವಿಗೆ ಬಿದ್ದ ಅಂಕಿ ಬಾಯಿಂದ ಹಾಗೆಯೇ ಹೊರಗೆ ಬಂದದ್ದನ್ನು ನಮ್ಮ ತಾಮ್ರದ ಗಣಿಯ ಊರು ಲುವಾನ್ಶ್ಯಾದಲ್ಲಿ ಯಾರೂ ಕಂಡಿಲ್ಲ. ಹಾಗೆಂದು ಸುಳ್ಳುಗಾರ ಅನ್ನುತ್ತಿಲ್ಲ. ಆತ ಶಿಬುಕೋಂಬೆ, ಎರಡು ಮನೆಗಳ ನಡುವೆ ಮದುವೆಯ ಮಾತು ಹೊತ್ತು ತಿರುಗುವವನು. ಮದುವೆಗೆ ಮುಂಚಿನ ಶಾಸ್ತ್ರ ಮುಗಿಯುವ ತನಕ ಹೆಣ್ಣಿನ ಮನೆಯ ಮಾತೆಲ್ಲ ಗಂಡಿನ ಮನೆಗೆ ಅವನ ಬಾಯಿಂದಲೇ ಹೋಗಬೇಕು, ಅವರ ಮಾತೂ ಹಾಗೆಯೇ ಬರಬೇಕು. ದಾರಿಯಲ್ಲಿ ಆತ ಮಾತಿನ ಚೂಪನ್ನೆಲ್ಲ ಉಜ್ಜಿ ನಯ ಮಾಡುತ್ತಾನೆ. ನಮ್ಮ ಅಕ್ಕನ ಮಗಳು ಲುಕೋಂಡೆಗೆ ಇಪ್ಪತ್ತೆಂಟು ವರ್ಷ ಎಂದು ನಾವು ಹೇಳಿ ಕಳಿಸಿದರೆ ಆ ಮನೆಗೆ ಅದು ಇಪ್ಪತ್ತಾರಾಗಿ ಮುಟ್ಟಿತು. ಹುಡುಗನ ಸೋದರಮಾವ ಸಂಜೆಗೆ ಐದು ಬಾಟಲಿ ಬಿಯರ್ ಇಳಿಸುತ್ತಾನೆ ಎಂಬ ಸುದ್ದಿ ನಮಗೆ ಎರಡಾಗಿ ಬಂತು. ನಾನು ಮಾರ್ಕೆಟ್ಟಿನಲ್ಲಿ ಒಣಮೀನು ಮಾರುವವಳು. ಅಳತೆಯ ಡಬ್ಬಿಯೊಳಗೆ ಹೆಬ್ಬೆರಳು ಇಟ್ಟು ಅಳೆಯುವವರನ್ನು ದಿನಾ ನೋಡುತ್ತೇನೆ. ಈ ಮುದುಕ ಮಾತಿನ ಡಬ್ಬಿಯಲ್ಲಿ ಹೆಬ್ಬೆರಳು ಇಡುತ್ತಾನೆ, ಅಷ್ಟೇ ವ್ಯತ್ಯಾಸ.

ಅವತ್ತು ನಾವು ಬೆಂಕಿ ತೋರಿಸಬೇಕಿತ್ತು. ನಮ್ಮ ಒಲೆಯಲ್ಲಿ ಏನೇನು ಬೇಯುತ್ತದೋ ಅದನ್ನೆಲ್ಲ ಪಾತ್ರೆಗಳಲ್ಲಿ ತುಂಬಿ, ಬಟ್ಟೆ ಕಟ್ಟಿ, ತಲೆಯ ಮೇಲೆ ಹೊತ್ತು ಹಾಡುತ್ತ ಗಂಡಿನ ಮನೆಗೆ ಹೋಗುವುದು. ಅಲ್ಲಿ ಒಂದೊಂದೇ ಬಟ್ಟೆ ಬಿಚ್ಚಿ, ನೋಡಪ್ಪಾ, ನಮ್ಮ ಮನೆಯ ಬೆಂಕಿ ಇಂಥದ್ದು ಎಂದು ಅಳಿಯನಾಗುವವನಿಗೆ ತೋರಿಸುವುದು. ಅದಾದ ಮೇಲೆಯೇ ಮದುವೆ. ಲುಕೋಂಡೆಯ ಈ ಶಾಸ್ತ್ರ ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು, ಒಂದು ಸಲ ಅವರ ಮನೆಯ ಸೂತಕಕ್ಕೆ, ಇನ್ನೊಂದು ಸಲ ನಮ್ಮ ಮನೆಯದಕ್ಕೆ. ಈ ಸಲ ಹುಡುಗನ ಸೋದರಮಾವ ದೂರದ ಮನ್ಸಾ ಊರಿಂದ ಬಂದು ಕೂತಿದ್ದ. ಬೆಳಗಾದರೆ ಅವನ ಬಸ್ಸು. ಅವನಿಲ್ಲದೆ ಆ ಮನೆಯಲ್ಲಿ ಯಾರೂ ಒಂದು ಬಟ್ಟೆಯನ್ನೂ ಬಿಚ್ಚುವುದಿಲ್ಲ. ಈ ಸಲವೂ ತಪ್ಪಿದರೆ ಹುಡುಗಿಯ ಮೇಲೆ ಏನೋ ಇದೆ ಎಂದು ಬೀದಿಯ ಬಾಯಿಗಳು ಶುರುಮಾಡುತ್ತವೆ. ಲುಕೋಂಡೆ ಹಿಂದಿನ ಕೋಣೆಯಲ್ಲಿ, ಮದುವೆಯ ಪಾಠ ಹೇಳುವ ಮುದುಕಿಯ ಎದುರು, ತಲೆಯ ಮೇಲೆ ಬಟ್ಟೆ ಹೊದ್ದು ಕೂತಿದ್ದಳು. ಅವತ್ತು ಅವಳು ಮಾತಾಡುವಂತಿಲ್ಲ. ಮೂಗು ಏರಿಸುವ ಸದ್ದು ಮಾತ್ರ ಅಡುಗೆಮನೆಗೆ ಕೇಳುತ್ತಿತ್ತು.

ಇದ್ದಿಲಿನ ಮೂಟೆ ಹಿಂದಿನ ದಿನದ ಮಳೆಗೆ ನೆನೆದು ಮುದ್ದೆಯಾಗಿತ್ತು. ಆದ್ದರಿಂದ ಅಕ್ಕ ಎಲ್ಲವನ್ನೂ ಕರೆಂಟಿನ ಒಲೆಯಲ್ಲೇ ಮಾಡುವುದೆಂದು ತೀರ್ಮಾನಿಸಿದಳು. ಕರೆಂಟು ಇರುವುದು ನಾಲ್ಕು ಗಂಟೆಯವರೆಗೆ. ಆಮೇಲೆ ನಮ್ಮ ಬೀದಿಯ ಸರದಿ, ರಾತ್ರಿಯವರೆಗೆ ಕತ್ತಲೆ. ಒಲೆಗಳು ಮೂರು. ಇಟ್ಟಿಗೆಯಲ್ಲಿ ಸುತ್ತು ಸುತ್ತಾಗಿ ಗೀರು ಕೊರೆದು, ಗೀರಿನೊಳಗೆ ಸುರುಳಿ ತಂತಿ ಕೂರಿಸಿ, ಎರಡು ಬಿಡಿ ತಂತಿಗಳನ್ನು ಗೋಡೆಗೆ ಸಿಕ್ಕಿಸುವುದು. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುವಂಥದ್ದೇ. ಒಂದು ನನ್ನದು, ಒಂದು ಪಕ್ಕದ ಮನೆಯಿಂದ ತಂದದ್ದು, ಮೂರನೆಯದು ಅಕ್ಕನದು. ಅಕ್ಕನ ಒಲೆಯನ್ನು ಭಾವನೇ ಗಣಿಯಿಂದ ಇಟ್ಟಿಗೆ ತಂದು ಕೊರೆದದ್ದು. ಭಾವ ಹೋಗಿ ಎರಡು ಮಳೆಗಾಲ ಕಳೆದಿದೆ. ಆ ಒಲೆಯ ಮೇಲೆ ಬೇರೆಯವರು ಚಹಾ ಇಟ್ಟರೂ ಅಕ್ಕ ಮುಖ ಗಂಟು ಹಾಕುತ್ತಾಳೆ.

ಮೂರೂ ಒಲೆ ಹಚ್ಚಿದೆವು. ನನ್ನದರ ಮೇಲೆ ಊರುಕೋಳಿ, ಪಕ್ಕದವರದರ ಮೇಲೆ ಶೇಂಗಾಪುಡಿ ಹಾಕಿದ ಸೊಪ್ಪು, ಅಕ್ಕನದರ ಮೇಲೆ ಹುರುಳಿಕಾಯಿ ಬೀಜ. ಅಕ್ಕನ ತಂತಿ ಕೆಂಪಾಗಿ, ಕೆಂಪು ಕಿತ್ತಳೆಯಾಗಿ, ಬೀಜ ಕುಣಿಯತೊಡಗಿತು. ಅಷ್ಟರಲ್ಲಿ ಬಾಗಿಲ ಮೇಲಿನ ಪೆಟ್ಟಿಗೆಯಲ್ಲಿ ಟಪ್ ಎಂದು ಸ್ವಿಚ್ಚು ಬಿತ್ತು. ಎತ್ತಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಿತ್ತು. ಸ್ಟೂಲಿನ ಮೇಲೆ ಹತ್ತಿ ಇಳಿದು ನನ್ನ ಮಂಡಿ ಹೋಯಿತು.

"ನಿನ್ನ ಒಲೇಲೇ ಏನೋ ಐಬು ಇದೆ," ಎಂದಳು ಅಕ್ಕ.

"ನನ್ನ ಒಲೇಲಿ ಕೋಳಿ ಇನ್ನೂ ಬೆಚ್ಚಗೂ ಆಗಿಲ್ಲ. ಐಬು ಮಾಡೋಷ್ಟು ಶಕ್ತಿ ಅದಕ್ಕೆಲ್ಲಿಂದ ಬರ್ಬೇಕು," ಎಂದೆ.

"ಹಾಗಾದ್ರೆ ಪಕ್ಕದೋರ್ದು. ಅವರ ಮನೆ ಸಾಮಾನು ಯಾವತ್ತು ನೆಟ್ಟಗಿತ್ತು."

ಕರೆಂಟಿನ ವಿಷಯ ತಿಳಿದವನು ನಮಗೆ ಗೊತ್ತಿದ್ದವರಲ್ಲಿ ಒಬ್ಬನೇ ಇದ್ದ. ಗಣಿಯ ವರ್ಕ್‌ಶಾಪಿನ ಎಲೆಕ್ಟ್ರಿಷಿಯನ್ ಕಬಾಸೊ. ನಮ್ಮ ದುರದೃಷ್ಟಕ್ಕೆ ಮದುವೆ ಗಂಡೂ ಅವನೇ. ಆಚೆ ಬೀದಿಯಲ್ಲೇ ಮನೆ. ಆದರೆ ಅವನು ಅತ್ತೆಯಾಗುವವಳ ಮನೆ ಹೊಸ್ತಿಲು ತುಳಿಯುವಂತಿಲ್ಲ. ಬೀದಿಯಲ್ಲಿ ಅಕ್ಕ ಎದುರಾದರೆ ಚರಂಡಿ ಹಾರಿಯಾದರೂ ಬೇರೆ ದಾರಿ ಹಿಡಿಯಬೇಕು. ಅವನಿಗೆ ತೋರಿಸಬೇಕಾದ ಬೆಂಕಿಯನ್ನು ಅವನೇ ಬಂದು ರಿಪೇರಿ ಮಾಡಿದರೆ ಅಕ್ಕ ಇನ್ನು ತಲೆ ಎತ್ತಿ ಓಡಾಡುವ ಹಾಗಿಲ್ಲ. ಹಾಗಾಗಿ ಬಾಶಿಕಟೇಬೆಗೆ ಹೇಳಿ ಕಳಿಸಿದೆವು.

ಮುದುಕ ಕೋಟು ತೊಟ್ಟು, ಹ್ಯಾಟು ಹಾಕಿ, ಕೋಲು ಹಿಡಿದು ಬಂದ. ವಿಷಯ ಕೇಳಿ, ಹೋಗಿ, ಬಟ್ಟೆಯಲ್ಲಿ ಸುತ್ತಿದ ಒಂದು ಮೀಟರನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ತಿರುಗಿ ಬಂದ. ಗಂಡಿನ ಮನೆಯಿಂದ ಬಂದ ವಸ್ತು ಎಂದು ಅದನ್ನು ಚಾಪೆಯ ಮೇಲಿಟ್ಟು, ಮೊಣಕಾಲೂರಿ, ಎರಡೂ ಕೈ ತಟ್ಟಿದ.

"ಹುಡುಗ ಹೇಳಿದ್ದು ಹೀಗಿದೆ. ಈ ಎರಡು ಕಡ್ಡೀನ ಗೋಡೆ ತೂತಿಗೆ ಇಟ್ರೆ ಕರೆಂಟು ಎಷ್ಟು ಜೋರಾಗಿ ತಳ್ತಾ ಇದೆ ಅಂತ ತೋರ್ಸುತ್ತಂತೆ. ಅದು ವೋಲ್ಟು. ಈ ಇಕ್ಕಳದ ಬಾಯೊಳಗೆ ಒಲೆಯ ಒಂದೇ ತಂತಿ ಹಾಯಿಸಿದ್ರೆ ಎಷ್ಟು ಹರೀತಾ ಇದೆ ಅಂತ ತೋರ್ಸುತ್ತಂತೆ. ಅದು ಆಂಪಿಯರು. ಈ ಎರಡು ಅಂಕಿ ಕೊಟ್ರೆ ಮಿಕ್ಕಿದ್ದು ಅವನೇ ಲೆಕ್ಕ ಹಾಕ್ತಾನಂತೆ, ಒಳಗೆ ಕಾಲಿಡದೆ."

ಅಳೆಯುವುದು ನನ್ನ ಕಸುಬು. ನಾನೇ ಅಳೆದೆ. ವೋಲ್ಟು ಇನ್ನೂರ ಇಪ್ಪತ್ತು. ನನ್ನ ಒಲೆ ನಾಲ್ಕು ಆಂಪಿಯರ್, ಪಕ್ಕದವರದೂ ನಾಲ್ಕು. ಅಕ್ಕನ ಒಲೆಯ ತಂತಿಗೆ ಇಕ್ಕಳ ಹಾಕಿದರೆ ಹದಿನೈದು. ತಪ್ಪಿರಬೇಕೆಂದು ತೆಗೆದು ಮತ್ತೆ ಹಾಕಿದೆ. ಹದಿನೈದೇ.

"ನೋಡ್ದ್ಯಾ," ಎಂದಳು ಅಕ್ಕ, ಸೊಂಟದ ಬಟ್ಟೆ ಸರಿಮಾಡಿಕೊಂಡು. "ನಿಮ್ದೆಲ್ಲ ನಾಲ್ಕು. ನನ್ನ ಗಂಡ ಮಾಡಿದ್ದು ಹದಿನೈದು."

ಬಾಶಿಕಟೇಬೆ ಮಾತ್ರ ಯಾರೋ ಕೆಟ್ಟ ಸುದ್ದಿ ಹೇಳಿದಂತೆ ಕಣ್ಣು ಮುಚ್ಚಿಕೊಂಡ. ಪೆಟ್ಟಿಗೆಯ ಸ್ವಿಚ್ಚಿನ ಮೇಲೆ ಇಪ್ಪತ್ತು ಎಂದು ಬರೆದಿತ್ತು, ಅದನ್ನೂ ಹೇಳಿದೆ. ಎಲ್ಲವನ್ನೂ ಬಾಯಲ್ಲೇ ಮೂರು ಸಲ ಗುನುಗಿಕೊಂಡು ಹೊರಟುಹೋದ.

ತಿರುಗಿ ಬಂದಾಗ ಮುಖ ಇನ್ನೂ ಚಿಕ್ಕದಾಗಿತ್ತು.

"ಹುಡುಗ ಲೆಕ್ಕ ಹಾಕಿದ. ಒಲೆಗಳೆಲ್ಲ ಸೇರಿದ್ರೂ ಇಪ್ಪತ್ತು ಮುಟ್ಟಲ್ವಂತೆ. ಸ್ವಿಚ್ಚು ಬೀಳ್ಬಾರ್ದಂತೆ. ಅದಕ್ಕೆ, ತಪ್ಪು ತಿಳೀಬೇಡಿ ತಾಯಿ, ಈ ಮನೇಲಿ ಕರೆಂಟು ತಿನ್ನೋದು ಇನ್ನೇನಾದ್ರೂ ಮರೆಯಲ್ಲಿ ಇದೆಯಾ ಅಂತ ವಿಚಾರಿಸಿದ್ದಾನೆ. ಬಹಳ ಗೌರವದಿಂದಲೇ ವಿಚಾರಿಸಿದ."

ಅಕ್ಕ ಸೌಟು ಕೆಳಗಿಟ್ಟಳು. ಅವಳು ಸೌಟು ಮೆಲ್ಲಗೆ ಇಟ್ಟರೆ ನನಗೆ ಹೆದರಿಕೆ.

"ಮರೆಯಲ್ಲಿ ಅಂದ್ರೆ? ಗೋಡೆ ತೂತು ಮಾಡಿ ಪಕ್ಕದ ಮನೆಗೆ ಕಳ್ಳ ಲೈನು ಕೊಟ್ಟಿದೀನಿ ಅಂತಾನಾ? ಗಂಡ ಇಲ್ದವಳು, ಹೇಗೆ ಬದುಕ್ತಾ ಇದಾಳೋ ನೋಡೋಣ ಅಂತಾನಾ? ಈಗ್ಲೇ ನನ್ನ ಮನೆ ಆಂಪಿಯರ್ ಎಣಿಸೋನು ನಾಳೆ ನನ್ನ ಮಗಳು ತಿನ್ನೋ ತುತ್ತು ಎಣಿಸಲ್ವಾ? ಹೋಗಿ ಹೇಳಿ ಅವನಿಗೆ. ಈ ಮನೇಲಿ ಮರೆ ಏನೂ ಇಲ್ಲ. ಆ ಮಾತು ಅವನು ವಾಪಸ್ ತಗೊಳ್ಳೋ ತನಕ ಬೆಂಕೀನೂ ಇಲ್ಲ."

ಹೇಳಿದವಳೇ ಮೂರೂ ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತಳು. ಹಿಂದಿನ ಕೋಣೆಯಲ್ಲಿ ಮೂಗಿನ ಸದ್ದು ಜೋರಾಯಿತು. ಮಧ್ಯಾಹ್ನ ತಿರುಗಿತ್ತು. ಕೋಳಿ ನನ್ನ ಪಾತ್ರೆಯಲ್ಲಿ ಹಸಿಯಾಗಿ ಮಲಗಿತ್ತು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಕೋಳಿಯ ಮೇಲೂ. ನಾಲ್ಕು, ನಾಲ್ಕು, ಹದಿನೈದು ಕೂಡಿದರೆ ಇಪ್ಪತ್ತು ದಾಟುತ್ತದೆಂದು ಮೀನು ಮಾರುವ ನನಗೇ ಗೊತ್ತು. ಎಲೆಕ್ಟ್ರಿಷಿಯನ್ನಿಗೆ ಗೊತ್ತಾಗಲಿಲ್ಲವೇ? ಛತ್ರಿ ತೆಗೆದುಕೊಂಡು ಮುದುಕನ ಜೊತೆ ನಾನೂ ಹೊರಟೆ.

ಕಬಾಸೊ ತನ್ನ ಮನೆಯ ಜಗಲಿಯಲ್ಲಿ ಪೆನ್ಸಿಲ್ ಕಚ್ಚುತ್ತ ಕೂತಿದ್ದ. ಪಕ್ಕದಲ್ಲಿ ಸೋದರಮಾವ, ಕೈಯಲ್ಲಿ ಬಾಟಲಿ, ಎಷ್ಟನೆಯದೋ ದೇವರಿಗೇ ಗೊತ್ತು. ನನ್ನನ್ನು ಕಂಡು ಕಬಾಸೊ ಎದ್ದು ತಲೆ ತಗ್ಗಿಸಿದ. ನಾನು ಹೆಣ್ಣಿನ ಚಿಕ್ಕಮ್ಮ. ನನ್ನ ಎದುರು ನಿಲ್ಲಬಹುದು, ಆದರೆ ಮಾತೆಲ್ಲ ಶಿಬುಕೋಂಬೆಯ ಮೂಲಕವೇ ಆಗಬೇಕು.

"ಏನೂ ಮರೆ ಇಲ್ಲವಂತೆ. ಬಹಳ ಸಂತೋಷದಿಂದ ತಿಳಿಸಿದ್ದಾರೆ," ಎಂದ ಬಾಶಿಕಟೇಬೆ.

"ಹಾಗಾದ್ರೆ ನಂಗೇ ಅರ್ಥ ಆಗ್ತಿಲ್ಲ ತಾತ," ಎಂದ ಕಬಾಸೊ. "ಮತ್ತೆ ನೋಡಿ. ತಳ್ಳೋದು ಇನ್ನೂರಿಪ್ಪತ್ತು, ಹರಿಯೋದು ನಾಲ್ಕು. ಇದರಿಂದ ಅದನ್ನ ಭಾಗಿಸಿದ್ರೆ ಐವತ್ತೈದು ಓಮು. ಅದು ತಂತಿಯ ತಡೆ. ಸರಿಯಾದ ಒಲೆ ಅಂದ್ರೆ ಅಷ್ಟೇ ಇರ್ಬೇಕು. ಎರಡನ್ನೂ ಗುಣಿಸಿದ್ರೆ ಎಂಟುನೂರ ಎಂಬತ್ತು ವ್ಯಾಟು. ಅದು ಕಾವು. ಅತ್ತೆಮ್ಮನ ಒಲೆ ಎಂಟು ಆಂಪಿಯರ್ ಅಂದ್ರಿ. ಅಲ್ಲಿಗೆ ತಡೆ ಅರ್ಧ, ಕಾವು ಎರಡರಷ್ಟು. ಇರ್ಲಿ. ನಾಲ್ಕು, ನಾಲ್ಕು, ಎಂಟು, ಒಟ್ಟು ಹದಿನಾರು. ಇಪ್ಪತ್ತರ ಸ್ವಿಚ್ಚು ಯಾಕೆ ಬೀಳುತ್ತೆ?"

ಎಂಟು. ನಾನು ಮುದುಕನ ಮುಖ ನೋಡಿದೆ. ಮುದುಕ ಸೂರಿನ ಹಂಚು ಎಣಿಸುತ್ತಿದ್ದ.

ಹೆಬ್ಬೆರಳು ಡಬ್ಬಿಯೊಳಗೆ ಎಲ್ಲಿದೆಯೆಂದು ಆಗ ಕಂಡಿತು. ಆದರೆ ಹೇಳುವುದು ಹೇಗೆ? ಗಂಡಿನ ಕಡೆಯವರ ಎದುರು ಶಿಬುಕೋಂಬೆಯನ್ನು ತಿದ್ದಿದರೆ ಇವತ್ತಿನವರೆಗೆ ಅವನು ಆಡಿದ ಪ್ರತಿ ಮಾತನ್ನೂ ತಿದ್ದಿದ ಹಾಗೆ. ವಯಸ್ಸಿನಿಂದ ಹಿಡಿದು ಬಿಯರಿನವರೆಗೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಆಮೇಲೆ ಮದುವೆ ಎಲ್ಲಿಂದ ಬಂತು.

"ಕದ್ದು ಲೈನು ಕೊಟ್ಟಿರ್ತಾರೆ," ಎಂದ ಸೋದರಮಾವ, ಬಾಟಲಿಗೆ ಹೇಳುವ ಹಾಗೆ.

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಹೇಳಿದ್ದರೆ ಆ ಮನುಷ್ಯ ಆ ಸಂಜೆಯೇ ನಡೆದುಕೊಂಡಾದರೂ ಮನ್ಸಾಕ್ಕೆ ಹೋಗುತ್ತಿದ್ದ. ನುಂಗಿಕೊಂಡೆ. ತಿದ್ದುವಂತಿಲ್ಲ, ನಿಜ. ಹೊಗಳುವುದಕ್ಕೆ ಯಾವ ಅಡ್ಡಿಯೂ ಇಲ್ಲವಲ್ಲ.

"ತಾತ, ಅವರಿಗೊಂದು ಮಾತು ತಿಳಿಸಿ," ಎಂದೆ. "ನಮ್ಮಕ್ಕನ ಒಲೆ ಅಂದ್ರೆ ಸಾಮಾನ್ಯ ಅಲ್ಲ. ನನ್ನ ಒಲೇಲಿ ಒಂದು ಪಾತ್ರೆ ನೀರು ಕುದಿಯೋಕೆ ಒಂದು ಗಂಟೆ ಬೇಕು. ಅದೇ ಪಾತ್ರೆ ಅಕ್ಕನ ಒಲೆ ಮೇಲಿಟ್ರೆ ಕಾಲು ಗಂಟೆ."

ಹೊಗಳಿಕೆ ಎಂದರೆ ಬಾಶಿಕಟೇಬೆ ಬೆನ್ನು ನೆಟ್ಟಗೆ ಮಾಡುತ್ತಾನೆ. "ಕಾಲು ಗಂಟೆ ಎಲ್ಲಿಯ ಮಾತು," ಎಂದು ಕೋಲು ಕುಟ್ಟಿದ. "ನಾನೇ ಕಣ್ಣಾರೆ ಕಂಡಿದೀನಿ. ಬೇರೆಯವರು ನೀರು ತರೋಕೆ ಹೋಗಿ ಬರೋದ್ರೊಳಗೆ ಆಕೆ ಬೀಜ ಬೇಯಿಸಿ ಇಳಿಸಿರ್ತಾಳೆ. ತಂತಿ ಸೂರ್ಯ ಮುಳುಗೋ ಬಣ್ಣಕ್ಕೆ ಬರುತ್ತೆ. ಅಂಥ ಬೆಂಕಿ ಈ ಊರಲ್ಲೇ ಇಲ್ಲ."

ಕಬಾಸೊ ಪೆನ್ಸಿಲ್ ಕಚ್ಚುವುದನ್ನು ನಿಲ್ಲಿಸಿದ. ನನ್ನ ಮುಖ ನೋಡಿದ, ಮುದುಕನ ಮುಖ ನೋಡಿದ, ಆಮೇಲೆ ಕಾಗದದ ಮೂಲೆಯಲ್ಲಿ ಏನೋ ಗೀಚಿದ. ಕಾವು ನಾಲ್ಕರಷ್ಟಾದರೆ, ತಳ್ಳುವುದು ಅಷ್ಟೇ ಇದ್ದರೆ, ಹರಿಯುವುದೂ ನಾಲ್ಕರಷ್ಟೇ ಆಗಬೇಕು. ಎಂಟರಿಂದ ಅಂಥ ಕಾವು ಹುಟ್ಟುವುದಿಲ್ಲ. ಮುದುಕ ಆಂಪಿಯರನ್ನು ನಾಚಿಕೆ ಎಂದು ಮುಚ್ಚಿಟ್ಟು, ವ್ಯಾಟನ್ನು ಹೆಮ್ಮೆ ಎಂದು ಬಿಚ್ಚಿಟ್ಟಿದ್ದ. ಎರಡೂ ಒಂದೇ ತಂತಿಯವು ಎಂದು ಅವನಿಗೆ ಯಾರು ಹೇಳಬೇಕು? ಹುಡುಗನ ತುಟಿಯ ತುದಿ ಒಂದು ಸಲ ಅದುರಿತು. ಅಷ್ಟರಲ್ಲೇ ಅವನನ್ನು ನಾನು ಮೆಚ್ಚಿಕೊಂಡೆ. ಏಕೆಂದರೆ ಅವನು ನಗಲಿಲ್ಲ.

"ತಾತ, ನೀವು ಎಂಟು ಅಂದದ್ದು ಸರಿಯಾಗೇ ಇದೆ," ಎಂದ. "ತಪ್ಪು ನನ್ನದು. ಮರೆಯಲ್ಲಿ ಏನೋ ಇದೆ ಅಂದದ್ದಕ್ಕೆ ಅತ್ತೆಮ್ಮನ ಹತ್ರ ಕ್ಷಮೆ ಕೇಳಿ. ಆದ್ರೆ ಇಂಥ ದೊಡ್ಡ ಒಲೆಗೆ ಮರ್ಯಾದೆ ಅಂತ ಒಂದು ಇರುತ್ತೆ. ಹಿರಿಯರು ಬಂದಾಗ ಚಿಕ್ಕವರು ಕುರ್ಚಿ ಬಿಟ್ಟು ಏಳಲ್ವಾ? ಹಾಗೇ ಅತ್ತೆಮ್ಮನ ಒಲೆ ಉರಿಯೋವಾಗ ಚಿಕ್ಕ ಒಲೆಗಳಲ್ಲಿ ಒಂದು ಆರಬೇಕು. ಒಂದು ಮಾತ್ರ ಜೊತೇಲಿ ಇರ್ಬಹುದು. ಆಗ ಸ್ವಿಚ್ಚು ಬೀಳಲ್ಲ."

ಹದಿನೈದು ಮತ್ತು ನಾಲ್ಕು, ಹತ್ತೊಂಬತ್ತು. ನಾನು ಮನಸ್ಸಿನಲ್ಲೇ ಕೂಡಿದೆ.

ದಾರಿಯಲ್ಲಿ ಮುದುಕನನ್ನು ಹಿಡಿದುಕೊಂಡೆ. "ಹದಿನೈದನ್ನ ಎಂಟು ಮಾಡಿದ್ರಲ್ಲ, ನಿಮಗೆ ದೇವರು ಬುದ್ಧಿ ಕೊಟ್ಟಿದಾನಾ?"

"ಮಗಳೇ, ಬೇರೆ ಒಲೆ ನಾಲ್ಕು ತಿನ್ನೋವಾಗ ನಮ್ಮ ಹೆಣ್ಣಿನ ತಾಯಿದು ಹದಿನೈದು ತಿನ್ನುತ್ತೆ ಅಂತ ಬೀಗರ ಮನೇಲಿ ಹೇಳೋಕಾಗುತ್ತಾ? ತಾಯಿ ಒಲೆ ಹೀಗೆ, ಇನ್ನು ಮಗಳ ಹೊಟ್ಟೆ ಹೇಗೋ ಅಂತಾರೆ. ಪೂರ್ತಿ ನಾಲ್ಕು ಅಂದುಬಿಡೋಣ ಅಂತಿದ್ದೆ. ಸುಳ್ಳು ಹೇಳೋಕೆ ಮನಸ್ಸು ಬರ್ಲಿಲ್ಲ," ಎಂದ.

ಛತ್ರಿಯನ್ನು ಅವನ ತಲೆಯ ಮೇಲಿಂದ ನನ್ನ ತಲೆಯ ಮೇಲಕ್ಕೆ ಸರಿಸಿಕೊಂಡೆ.

ಕ್ಷಮೆಯ ಮಾತು ಅಕ್ಕನಿಗೆ ತಲುಪುವಾಗ ಮೂರು ಪಟ್ಟು ಬೆಳೆದಿತ್ತು. ಹುಡುಗ ಅತ್ತುಬಿಟ್ಟ ಎಂದೇ ಹೇಳಿದ ಮುದುಕ. ಹಿರಿಯ ಒಲೆಗೆ ಚಿಕ್ಕ ಒಲೆ ಜಾಗ ಬಿಡಬೇಕೆಂಬುದನ್ನು ಕೇಳಿ ಅಕ್ಕ ಕುರ್ಚಿಯಿಂದ ಎದ್ದಳು.

"ಹುಡುಗನಿಗೆ ಸಂಸ್ಕಾರ ಇದೆ," ಎಂದಳು. "ಲೇ, ನಿನ್ನ ಒಲೆ ಹಚ್ಬೇಡ."

ನನ್ನ ಒಲೆಯೇ ತಣ್ಣಗೆ ಉಳಿಯಿತು, ಹೇಳಬೇಕೇ. ಕೋಳಿ ಅಕ್ಕನ ಒಲೆಗೆ ಹೋಯಿತು. ಅಲ್ಲಿ ಅದು ಬೆಂದ ವೇಗ ನೋಡಿ ನನಗೇ ಅಸೂಯೆಯಾಯಿತು. ಬೀಜ, ಕೋಳಿ, ಒಣಮೀನು, ಹುರಿದ ಕಂಬಳಿಹುಳ, ಸೊಪ್ಪು, ಗೆಡ್ಡೆಯ ಕಡುಬು ಒಂದರ ಹಿಂದೊಂದು ಇಳಿದವು. ಸ್ವಿಚ್ಚು ಅಲ್ಲಾಡಲಿಲ್ಲ. ನಾಲ್ಕಕ್ಕೆ ಕರೆಂಟು ಹೋದಾಗ ಕೊನೆಯ ಪಾತ್ರೆಗೆ ಬಟ್ಟೆ ಕಟ್ಟುತ್ತಿದ್ದೆವು.

ಹೊರಡುವಾಗ ಅಕ್ಕ ಇನ್ನೊಂದು ಗಂಟು ತಂದು ನನ್ನ ತಲೆಯ ಮೇಲಿಟ್ಟಳು. ಕತ್ತು ಕುಸಿಯುವಷ್ಟು ಭಾರ, ಇನ್ನೂ ಬೆಚ್ಚಗಿತ್ತು.

"ಇದೇನೇ?"

"ಒಲೆ. ಮರೆಯಲ್ಲಿ ಏನಿದೆ ಅಂತ ಕೇಳಿದ್ನಲ್ಲ. ನೋಡ್ಲಿ. ಲುಕೋಂಡೆ ಅಪ್ಪ ಬದುಕಿದ್ದಿದ್ರೆ ಇವತ್ತು ತಾನೇ ಮುಂದೆ ನಿಂತು ತೋರಿಸ್ತಿದ್ರು," ಎಂದಳು. ಹೆಣ್ಣಿನ ತಾಯಿ ಆ ಮೆರವಣಿಗೆಗೆ ಬರುವಂತಿಲ್ಲ. ಬಾಗಿಲಲ್ಲೇ ನಿಂತಳು.

ಗಂಡಿನ ಮನೆಯಲ್ಲಿ ಹಾಡು ಹೇಳಿ ಒಂದೊಂದೇ ಬಟ್ಟೆ ಬಿಚ್ಚಿದೆವು. ಸೋದರಮಾವ ಕೋಳಿ ಕಂಡ ಮೇಲೆ ಕಳ್ಳ ಲೈನಿನ ಮಾತು ಮರೆತ. ಕೊನೆಯ ಗಂಟಿನಿಂದ ಒಲೆ ಹೊರಬಂತು. ಕಬಾಸೊ ಮೊಣಕಾಲೂರಿ ಇಟ್ಟಿಗೆಯ ಮೇಲೆ ಬಗ್ಗಿದ. ತಂತಿಯ ತುಂಬ ಸಣ್ಣ ಸಣ್ಣ ಕೊಂಡಿಗಳು. ಕಡಿದಾಗಲೆಲ್ಲ ಸುಟ್ಟ ತುದಿ ಚಿವುಟಿ, ಎರಡೂ ಕಡೆಯಿಂದ ಎಳೆದು ಕೊಂಡಿ ಹಾಕುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಮೊದಲ ಕೊಂಡಿಗಳು ಭಾವನ ಕೈಯವು, ಆಮೇಲಿನವು ಅಕ್ಕನವು. ಪ್ರತಿ ಕೊಂಡಿಗೂ ತಂತಿ ಗಿಡ್ಡವಾಗಿ, ತಡೆ ಕಡಿಮೆಯಾಗಿ, ಹರಿಯುವುದು ಹೆಚ್ಚಾಗಿ, ಒಲೆ ಇನ್ನಷ್ಟು ಉರಿದಿದೆ. ತಾನು ಒಬ್ಬಳೇ ಆದ ಮೇಲೆ ಗಂಡನ ಒಲೆ ತನ್ನ ಮೇಲಿನ ಪ್ರೀತಿಗೆ ಹೆಚ್ಚು ಉರಿಯುತ್ತಿದೆ ಎಂದುಕೊಂಡಿದ್ದಳು ನಮ್ಮಕ್ಕ. ಅದು ನನಗೂ ಗೊತ್ತಿತ್ತು, ಎಂದೂ ನಕ್ಕಿಲ್ಲ.

"ಹೀಗೇ ಬಿಟ್ರೆ ಒಂದಿನ ಗೋಡೆ ತಂತಿಗೇ ಬೆಂಕಿ ಹತ್ತುತ್ತೆ ಚಿಕ್ಕಮ್ಮ," ಎಂದ ಕಬಾಸೊ, ನನಗೆ ಮಾತ್ರ ಕೇಳುವಂತೆ. ಬೆಂಕಿ ತೋರಿಸಿಯಾಗಿತ್ತು, ಇನ್ನು ನೇರ ಮಾತಾಡಬಹುದಿತ್ತು. ಒಳಗಿನಿಂದ ಹೊಸ ತಂತಿ ತಂದ. ಹಳೆಯದನ್ನು ಕಿತ್ತು ಎಸೆಯುತ್ತಾನೆಂದು ನಾನು ಕೈ ಅಡ್ಡ ಹಿಡಿದೆ. ಎಸೆಯಲಿಲ್ಲ. ಹಳೆಯ ತಂತಿಯ ಕೊಂಡಿಗಳನ್ನೆಲ್ಲ ಹಾಗೆಯೇ ಉಳಿಸಿ, ಅದರ ತುದಿಗೆ ಹೊಸದನ್ನು ಜೋಡಿಸಿ, ಗೀರಿನ ತುಂಬ ಕೂರಿಸಿದ. ಆ ಬೀದಿಗೆ ಕರೆಂಟು ಇತ್ತು. ಹಚ್ಚಿ, ಇಕ್ಕಳ ಹಾಕಿ ನೋಡಿದ. ನಾಲ್ಕು ಆಂಪಿಯರ್. ಐವತ್ತೈದು ಓಮು. ನನ್ನ ಒಲೆಯದೇ ತದ್ರೂಪ.

ನಾವು ಒಲೆ ಹೊತ್ತು ತಿರುಗಿ ಬಂದಾಗ ಅಕ್ಕ ಬಾಗಿಲಲ್ಲೇ ಇದ್ದಳು. ಉಂಡರೇ, ಮೆಚ್ಚಿದರೇ, ಮದುವೆ ಯಾವತ್ತು ಎಂದು ಒಂದನ್ನೂ ಕೇಳಲಿಲ್ಲ. ಇಟ್ಟಿಗೆಯನ್ನು ಮುಟ್ಟಿ ನೋಡಿದಳು. ಹೊಳೆಯುವ ಹೊಸ ತಂತಿಯನ್ನೂ ನೋಡಿದಳು.

"ಏನೋ ಮಾಡಿದಾನೆ. ಈಗ ಎಷ್ಟು ತೋರಿಸ್ತಂತೆ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಾಶಿಕಟೇಬೆ ಹ್ಯಾಟು ತೆಗೆದು ಮುಂದೆ ಬಂದ. ಮೀಟರಿನಲ್ಲಿ ನಾಲ್ಕನ್ನು ನನ್ನ ಪಕ್ಕದಲ್ಲೇ ನಿಂತು ಓದಿದ್ದ ಮುದುಕ.

"ಹದಿನೈದು, ತಾಯಿ. ಒಂದೂ ಕಮ್ಮಿ ಇಲ್ಲ."

ಅವನು ಎಲ್ಲರ ಲೆಕ್ಕದಲ್ಲೂ ಇಷ್ಟು ವರ್ಷ ಕಡಿದಿಟ್ಟದ್ದನ್ನೆಲ್ಲ ಅವತ್ತು ಒಟ್ಟಿಗೆ ಅಕ್ಕನ ಕೈಗೆ ಹಾಕಿದ ಹಾಗಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಅಕ್ಕ ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡು, "ನಂಗೊತ್ತಿತ್ತು," ಎಂದಳು.

ಮಾರನೆಯ ದಿನ ಅದರ ಮೇಲೆ ಬೀಜ ಇಟ್ಟಳು. ಮಧ್ಯಾಹ್ನವಾದರೂ ಬೀಜ ಕಲ್ಲಿನ ಹಾಗೆ ಕೂತಿತ್ತು. ಅಕ್ಕ ಸೌಟಿನಿಂದ ಒಂದು ಎತ್ತಿ, ಒತ್ತಿ ನೋಡಿ, ನನ್ನ ಕಡೆ ತಿರುಗಿದಳು.

"ನೋಡೇ, ಈ ಕಂಪನಿಯೋರು ಕರೆಂಟಿಗೂ ನೀರು ಬೆರೆಸೋಕೆ ಶುರು ಮಾಡಿದಾರೆ."